ಮಗು ಮನೆಯಲ್ಲೇ ಉಳಿಯಬೇಕೆಂದರೆ: ಕುಟುಂಬ ಬೆಂಬಲದ ಕೆಲಸಕ್ಕೆ ಇಳಿಯುವವರಿಗೊಂದು ಕೈಪಿಡಿ

ಶಾಲೆಗೆ ಎರಡು ತಿಂಗಳಿಂದ ಬಾರದ 11 ವರ್ಷದ ಹುಡುಗನೊಬ್ಬನ ಬಗ್ಗೆ ನಮ್ಮ ಕೈಸೇರಿದ ಪತ್ರದಲ್ಲಿ ಕಾರಣವೆಂದು ಬರೆದಿದ್ದದ್ದು ಎರಡೇ ಪದ: ‘ಪೋಷಕರ ನಿರ್ಲಕ್ಷ್ಯ’. ಮನೆ ಹುಡುಕಿಕೊಂಡು ಹೋದರೆ ಅಲ್ಲಿ ನಿರ್ಲಕ್ಷ್ಯ ಮಾಡುವುದಕ್ಕೂ ಪೋಷಕರಿರಲಿಲ್ಲ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ತಾಯಿ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋಗಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿ ಹೊಸ್ತಿಲ ಬಳಿ ಗೋಡೆಗೊರಗಿ ಕೂತಿದ್ದರು. ಹುಡುಗ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ. ನಾಲ್ಕು ವರ್ಷದ ತಂಗಿಯನ್ನು ಬೆಳಿಗ್ಗೆ ಅಂಗನವಾಡಿಗೆ ಬಿಟ್ಟು, ಕೊಡ ಹೊತ್ತು ನೀರು ತಂದು, ಅಡುಗೆ ಮಾಡಿ, ಅಜ್ಜಿಯನ್ನು ಕೈಹಿಡಿದು ಬಯಲಿಗೆ ಕರೆದೊಯ್ದು ಬರುವ ಹೊತ್ತಿಗೆ ಅವನ ಶಾಲೆಯ ದಿನ ಅರ್ಧ ಮುಗಿದಿರುತ್ತಿತ್ತು. ಆ ಮನೆಯಲ್ಲಿ ಬುದ್ಧಿವಾದ ಹೇಳಿಸಿಕೊಳ್ಳಬೇಕಾದವರು ಯಾರೂ ಇರಲಿಲ್ಲ. ಅಲ್ಲಿಗೆ ಬೇಕಿದ್ದದ್ದು ಒಂದು ಕಣ್ಣಿನ ಶಸ್ತ್ರಚಿಕಿತ್ಸೆ, ಒಂದು ಮರಣ ಪ್ರಮಾಣಪತ್ರ ಮತ್ತು ತಿಂಗಳಿಗೊಮ್ಮೆ ಖಾತೆಗೆ ಬೀಳುವ ಸ್ವಲ್ಪ ಹಣ.

ಕಲ್ಯಾಣ ಕರ್ನಾಟಕದ ಜಿಲ್ಲೆಯೊಂದರಲ್ಲಿ ಹಲವು ವರ್ಷ ಈ ಕೆಲಸ ಮಾಡಿದ ಮೇಲೆ, ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಈ ಮನೆಯ ಕತೆಯನ್ನೇ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೊರಗಿನವರಿಗೆ ಕೆಟ್ಟ ಪಾಲನೆಯೆಂದು ಕಾಣುವುದು, ಒಳಗೆ ಹೋಗಿ ನೋಡಿದರೆ, ನಾನು ಕಂಡ ಬಹುಪಾಲು ಮನೆಗಳಲ್ಲಿ ಯಾವುದೋ ಕಾಗದದ ಕೊರತೆಯಾಗಿತ್ತು, ಇಲ್ಲವೇ ಕೈಗೆ ಕೈ ಸೇರಿಸುವ ಇನ್ನೊಬ್ಬರ ಕೊರತೆಯಾಗಿತ್ತು. ಉಳಿದ ಕೆಲವೆಡೆ ಅದು ನಿಜವಾದ ಹಿಂಸೆಯೇ ಆಗಿತ್ತು. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಈ ಕಸುಬಿನ ತಿರುಳು.

ಹುದ್ದೆಯ ಹೆಸರು ಮತ್ತು ಅರ್ಹತೆ

ಅಮೆರಿಕದಂಥ ದೇಶಗಳಲ್ಲಿ ‘ಫ್ಯಾಮಿಲಿ ಸಪೋರ್ಟ್ ಸ್ಪೆಷಲಿಸ್ಟ್’ ಎಂಬ ಹೆಸರಿನಲ್ಲಿ ನಡೆಯುವ ಕೆಲಸ ನಮ್ಮಲ್ಲಿ ಹಲವು ಹೆಸರುಗಳಲ್ಲಿ ಹಂಚಿಹೋಗಿದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಪ್ರತಿ ಜಿಲ್ಲೆಯಲ್ಲೂ ಇರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಕ್ಕಳ ರಕ್ಷಣಾಧಿಕಾರಿಗಳ ಕೈಕೆಳಗೆ ಆಪ್ತ ಸಮಾಲೋಚಕರು, ಸಮಾಜ ಕಾರ್ಯಕರ್ತರು ಮತ್ತು ಕ್ಷೇತ್ರಕ್ಕೆ ಹೋಗುವ ಔಟ್‌ರೀಚ್ ವರ್ಕರ್‌ಗಳು ಇರುತ್ತಾರೆ. ಮನೆ ಬಾಗಿಲಿಗೆ ಹೋಗುವವರು ಮುಖ್ಯವಾಗಿ ಕೊನೆಯ ಇಬ್ಬರು. ಇವರಲ್ಲದೆ ಸ್ವಯಂಸೇವಾ ಸಂಸ್ಥೆಗಳಲ್ಲಿ ಇದೇ ಕೆಲಸ ಮಾಡುವವರೂ ಇದ್ದಾರೆ. ಸಮಾಜಕಾರ್ಯದಲ್ಲಿ ಬಿ.ಎಸ್.ಡಬ್ಲ್ಯೂ. ಅಥವಾ ಎಂ.ಎಸ್.ಡಬ್ಲ್ಯೂ. ಓದಿದವರಿಗೆ ಆದ್ಯತೆಯಿರುತ್ತದೆ, ಮಂಗಳೂರಿನ ರೋಶನಿ ನಿಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯ ಮುಂತಾದೆಡೆ ಓದಿದ ಅನೇಕರು ಈ ಕ್ಷೇತ್ರದಲ್ಲಿದ್ದಾರೆ. ಹುದ್ದೆಗಳು ಗುತ್ತಿಗೆಯವು, ಸಂಬಳ ದೊಡ್ಡದಲ್ಲ, ಓಡಾಟ ಬಹಳ. ಇದನ್ನು ತಿಳಿದೇ ಸೇರುವುದು ಒಳ್ಳೆಯದು. ಪದವಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ತಾಲ್ಲೂಕಿನ ಬಸ್ಸುಗಳ ವೇಳೆ, ಆಡುಮಾತು, ಮತ್ತು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಶಾಲೆಯ ಮುಖ್ಯ ಶಿಕ್ಷಕರು ಈ ನಾಲ್ವರ ಮೊಬೈಲ್ ಸಂಖ್ಯೆ.

ಹೊರಡುವ ಮೊದಲು ತಿಳಿದಿರಬೇಕಾದ ಕಾನೂನು

ಕಾನೂನಿನ ಪುಸ್ತಕವನ್ನು ಕಂಠಪಾಠ ಮಾಡಬೇಕಿಲ್ಲ. ಆದರೆ ಮಕ್ಕಳ ನ್ಯಾಯ (ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಕೆಲವು ಅಂಶಗಳು ನಾಲಿಗೆಯ ತುದಿಯಲ್ಲಿರಬೇಕು. 18 ವರ್ಷ ತುಂಬದ ಎಲ್ಲರೂ ಈ ಕಾಯ್ದೆಯ ಪ್ರಕಾರ ಮಕ್ಕಳು. ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು ಯಾರ ಕೈಗೆ ಸಿಕ್ಕರೂ, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗು ಎಲ್ಲಿರಬೇಕೆಂದು ತೀರ್ಮಾನಿಸುವವರು ಅವರು, ನಾವಲ್ಲ. ‘ಮಗುವನ್ನು ಕರಕೊಂಡು ಹೋಗ್ತೀವಿ’ ಎಂದು ತಾಯಿಯನ್ನು ಹೆದರಿಸುವ ಕಾರ್ಯಕರ್ತರನ್ನು ನಾನು ನೋಡಿದ್ದೇನೆ. ತಮಗಿಲ್ಲದ ಅಧಿಕಾರವನ್ನು ತೋರಿಸಿ ಅವರು ಆ ಮನೆಯ ಬಾಗಿಲನ್ನು ತಾವೇ ಮುಚ್ಚಿಕೊಂಡಿರುತ್ತಾರೆ.

ಇದೇ ಕಾಯ್ದೆಯ 3ನೇ ಸೆಕ್ಷನ್ನು, ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದೆಂದೂ, ಬಾಲಮಂದಿರದಂಥ ಸಂಸ್ಥೆಗೆ ಸೇರಿಸುವುದು ಎಲ್ಲ ದಾರಿಗಳೂ ಮುಗಿದ ಮೇಲಿನ ಕೊನೆಯ ದಾರಿಯೆಂದೂ ಹೇಳುತ್ತದೆ. ವಿಚಿತ್ರವೆಂದರೆ, ‘ಬಾಲಮಂದಿರಕ್ಕೆ ಹಾಕಿಬಿಡ್ರಿ, ಊಟ ಆದ್ರೂ ಸಿಗ್ತದ’ ಎಂದು ನಮ್ಮನ್ನು ಕೇಳಿಕೊಳ್ಳುವವರು ಅನೇಕ ಸಲ ತಂದೆತಾಯಿಯರೇ. ಅವರು ಕೇಳುತ್ತಿರುವುದು ಊಟ ಮತ್ತು ಓದು. ಅದಕ್ಕೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಇವೆ. ಹಾಸ್ಟೆಲಿನಲ್ಲಿ ಓದುವ ಮಗು ರಜೆಗೆ ತನ್ನ ಮನೆಗೇ ಬರುತ್ತದೆ, ಬಾಲಮಂದಿರಕ್ಕೆ ಸೇರಿದ ಮಗು ಮನೆಗೆ ಮರಳಲು ಸಮಿತಿಯ ಆದೇಶ ಬೇಕು; ಈ ವ್ಯತ್ಯಾಸವನ್ನು ಮನೆಯವರಿಗೆ ಬಿಡಿಸಿ ಹೇಳಿದರೆ ಹಲವರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಮೊದಲ ಭೇಟಿ

ಇಲಾಖೆಯ ಜೀಪು ಮನೆಯ ಮುಂದೆ ನಿಂತರೆ ಓಣಿಯೆಲ್ಲ ಕಿಟಕಿಗೆ ಬರುತ್ತದೆ. ಆದ್ದರಿಂದ ಗಾಡಿಯನ್ನು ಬಸ್ ನಿಲ್ದಾಣದಲ್ಲೋ ಪಂಚಾಯ್ತಿ ಕಚೇರಿಯ ಬಳಿಯೋ ಬಿಟ್ಟು ನಡೆದು ಹೋಗಿ. ಅಂಗನವಾಡಿ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯುವುದು ವಾಡಿಕೆ, ಅದರಿಂದ ಬಾಗಿಲು ಬೇಗ ತೆರೆಯುವುದೂ ನಿಜ. ಆದರೆ ಆಕೆ ಅದೇ ಓಣಿಯವರಾಗಿದ್ದರೆ, ಪರಿಚಯ ಮಾಡಿಸಿದ ಮೇಲೆ ಹೊರಡುವಂತೆ ಮೊದಲೇ ಮಾತಾಡಿಕೊಂಡಿರಬೇಕು. ನನ್ನ ಮೊದಲ ವರ್ಷದಲ್ಲಿ, ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿರುವಾಗಲೇ ಒಬ್ಬ ತಾಯಿಯನ್ನು ಅವರ ಗಂಡನ ಕಾಯಿಲೆಯ ಬಗ್ಗೆ ಕೇಳಿಬಿಟ್ಟೆ. ಆಕೆ ಮಾತು ನಿಲ್ಲಿಸಿ ಸೊಪ್ಪು ಬಿಡಿಸತೊಡಗಿದರು. ಮತ್ತೆ ಬಾಯಿಬಿಡಲು ಅವರಿಗೆ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ಮಗುವಿನದೆಂಬುದನ್ನು ನಾನು ಮರೆತಿಲ್ಲ.

ಹೋಗುವ ಹೊತ್ತೂ ಮುಖ್ಯ. ಕೂಲಿಗೆ ಹೋಗುವ ಮನೆಗೆ ಬೆಳಿಗ್ಗೆ 11 ಗಂಟೆಗೆ ಹೋಗಿ, ಬೀಗ ಕಂಡು, ‘ಪೋಷಕರು ಲಭ್ಯವಿಲ್ಲ’ ಎಂದು ಬರೆದು ಬರುವುದು ನಮ್ಮ ಕಚೇರಿ ವೇಳೆಯ ತಪ್ಪೇ ಹೊರತು ಮನೆಯವರದಲ್ಲ. ಉದ್ಯೋಗ ಖಾತರಿ ಕೆಲಸ, ಹತ್ತಿ ಬಿಡಿಸುವ ಸುಗ್ಗಿ, ಸಂತೆಯ ದಿನ ಇವೆಲ್ಲವನ್ನೂ ಮೊದಲು ಕೇಳಿಕೊಂಡು, ಸಂಜೆ ದೀಪ ಹಚ್ಚುವುದಕ್ಕೆ ಸ್ವಲ್ಪ ಮೊದಲು ಹೋಗುವುದು ನನ್ನ ರೂಢಿ.

ಒಳಗೆ ಕರೆದರೆ ನೆಲದ ಮೇಲೆ ಕೂಡಿ. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಲು ಬಿಟ್ಟರೆ, ಆ ಕುರ್ಚಿಯ ಜೊತೆ ಪಕ್ಕದ ಮನೆಯವರೂ ಬರುತ್ತಾರೆ. ನೀರು ಅಥವಾ ಚಹಾ ಕೊಟ್ಟರೆ ಕುಡಿಯಿರಿ. ‘ಈಗ ತಾನೇ ಆಯಿತು’ ಎಂಬ ನಿಮ್ಮ ಸೌಜನ್ಯದ ಮಾತು, ಪೀಳಿಗೆಗಳಿಂದ ತಮ್ಮ ಮನೆಯ ನೀರನ್ನು ಬೇರೆಯವರು ಮುಟ್ಟದ್ದನ್ನು ಕಂಡ ಕುಟುಂಬಕ್ಕೆ ಬೇರೆಯೇ ಅರ್ಥ ಕೊಡುತ್ತದೆ. ನಾನು ಹೇಳಿದ ಮನೆಯಲ್ಲಿ ಅಜ್ಜಿ ದನಿ ಕೇಳಿದ ಕಡೆ ಮುಖ ತಿರುಗಿಸಿ, ‘ಕುಂದರ್ರಿ ಅಕ್ಕಾರ, ಚಾ ಮಾಡಸ್ತೀನಿ’ ಎಂದರು. ಚಹಾ ಮಾಡಿದವನು ಹುಡುಗನೇ. ಸಕ್ಕರೆ ಡಬ್ಬಿ ಎಲ್ಲಿದೆ, ಹಾಲು ಯಾರ ಮನೆಯಿಂದ ತರಬೇಕು, ಲೋಟಕ್ಕೆ ಎಷ್ಟು ಹಾಕಬೇಕು ಎಂಬುದೆಲ್ಲ ಅವನಿಗೆ ಕೇಳದೆಯೇ ಗೊತ್ತಿತ್ತು. ಆ ಮನೆಯ ಸಂಸಾರ ಯಾರ ಹೆಗಲ ಮೇಲಿದೆಯೆಂದು ತಿಳಿಯಲು ನನಗೆ ಆ ಮೇಲೆ ಪ್ರಶ್ನೆ ಕೇಳುವ ಅಗತ್ಯವೇ ಬೀಳಲಿಲ್ಲ.

ಪ್ರಶ್ನೆ ಕೇಳಬೇಕಾದಾಗ ‘ಯಾಕೆ’ ಎಂಬುದರಿಂದ ಆರಂಭಿಸಬೇಡಿ. ‘ಮಗನನ್ನು ಯಾಕೆ ಶಾಲೆಗೆ ಕಳಿಸಿಲ್ಲ?’ ಎಂದರೆ ಸಿಗುವುದು ಸಮಜಾಯಿಷಿ. ‘ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮನೆಯಲ್ಲಿ ಏನೇನು ಕೆಲಸ ನಡೀತದೆ, ಹೇಳ್ರಿ’ ಎಂದರೆ ಸಿಗುವುದು ಮನೆ. ಯಾರು ಮೊದಲು ಏಳುತ್ತಾರೆ, ನೀರು ಎಲ್ಲಿಂದ ಬರುತ್ತದೆ, ಯಾರು ಕೊನೆಗೆ ಉಣ್ಣುತ್ತಾರೆ, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂಬ ನಾಲ್ಕು ವಿಷಯಗಳು ಮಾತಿನ ಓಟದಲ್ಲಿ ಬಂದರೆ ಸಾಕು. ಮುದ್ರಿತ ನಮೂನೆಯ ಅರ್ಧದಷ್ಟು ಕಾಲಂಗಳು ತಾವೇ ತುಂಬುತ್ತವೆ. ನಮೂನೆಯನ್ನು ಮೊದಲ ಭೇಟಿಯಲ್ಲಿ ಚೀಲದಿಂದ ಹೊರಗೆ ತೆಗೆಯದಿರುವುದೇ ಮೇಲು. ಹೊರಡುವಾಗ, ನಾವು ಯಾರು, ಯಾವ ಕಚೇರಿಯವರು, ಕೇಳಿದ್ದನ್ನು ಯಾರಿಗೆ ಹೇಳುತ್ತೇವೆ, ಯಾರಿಗೆ ಹೇಳುವುದಿಲ್ಲ, ಮತ್ತೆ ಯಾವ ದಿನ ಬರುತ್ತೇವೆ ಎಂಬುದನ್ನು ತಿಳಿಸಬೇಕು. ಆ ದಿನ ತಪ್ಪದೆ ಹೋಗಬೇಕು. ಸರ್ಕಾರದ ಕಡೆಯಿಂದ ಬಂದವರು ಹೇಳಿದ ದಿನಕ್ಕೆ ಮತ್ತೆ ಬರುತ್ತಾರೆಂಬ ಅನುಭವ ಅನೇಕ ಮನೆಗಳಿಗೆ ಆಗಿರುವುದಿಲ್ಲ.

ಕೈಚೀಲದೊಳಗಿನ ಕಾಗದಗಳು

ಬಡವರ ಮನೆಯಲ್ಲಿ ಕಾಗದಗಳೆಲ್ಲ ಒಂದೇ ಕಡೆ ಇರುತ್ತವೆ: ಯಾವುದೋ ಬಟ್ಟೆ ಅಂಗಡಿಯ ಹಳೆಯ ಕೈಚೀಲದಲ್ಲಿ, ಟ್ರಂಕಿನ ತಳದಲ್ಲಿ ಅಥವಾ ತೊಲೆಗೆ ನೇತುಹಾಕಿ. ಎರಡನೆಯ ಭೇಟಿಯಲ್ಲಿ ಆ ಚೀಲವನ್ನು ಕೇಳಿ, ಮನೆಯವರ ಎದುರಿಗೇ ಒಂದೊಂದಾಗಿ ನೆಲದ ಮೇಲೆ ಹರಡಿ, ಏನೇನಿದೆ ಏನೇನಿಲ್ಲ ಎಂದು ಪಟ್ಟಿ ಮಾಡಿ. ಕಾಗದಗಳನ್ನು ನಿಮ್ಮ ಕಚೇರಿಗೆ ಒಯ್ಯಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೂ ಕೇಳಿಯೇ ತೆಗೆಯಿರಿ.

ಆ ಹುಡುಗನ ಮನೆಯ ಚೀಲದಲ್ಲಿ ಪಡಿತರ ಚೀಟಿಯಿತ್ತು, ತಂಗಿಯ ಹೆರಿಗೆ, ಲಸಿಕೆಯ ವಿವರವಿರುವ ‘ತಾಯಿ ಕಾರ್ಡ್’ ಇತ್ತು, ತಂದೆಯ ಆಧಾರ್ ಇತ್ತು, ಆದರೆ ಅವರ ಮರಣ ಪ್ರಮಾಣಪತ್ರ ಇರಲಿಲ್ಲ. ಸಾವನ್ನು 21 ದಿನಗಳೊಳಗೆ ನೋಂದಾಯಿಸುವುದು ನಿಯಮ. ಒಂದು ವರ್ಷ ದಾಟಿದರೆ ಅಧಿಕಾರವುಳ್ಳ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿಯಾಗುವುದಿಲ್ಲ. ಆ ಒಂದು ಕಾಗದವಿಲ್ಲದ್ದರಿಂದ ತಾಯಿಗೆ ವಿಧವಾ ವೇತನ ಸಿಕ್ಕಿರಲಿಲ್ಲ. ವೇತನ ಸಿಗದ್ದರಿಂದ ಅವರು ಊರು ಬಿಟ್ಟಿದ್ದರು. ಅವರು ಊರು ಬಿಟ್ಟದ್ದರಿಂದ ಹುಡುಗ ಶಾಲೆ ಬಿಟ್ಟಿದ್ದ. ಇಂಥ ಕಡೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಬೇಕು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ; ಈ ಸಂಗತಿ ನಮ್ಮ ಕಾರ್ಯಕರ್ತರಲ್ಲೇ ಅನೇಕರಿಗೆ ತಿಳಿದಿರುವುದಿಲ್ಲ.

ಪ್ರಾಯೋಜಕತ್ವದ, ಅಂದರೆ ಮಗು ಮನೆಯಲ್ಲೇ ಉಳಿಯಲೆಂದು ಕೊಡುವ ಮಾಸಿಕ ನೆರವಿನ, ವಿಷಯಕ್ಕೆ ಬರೋಣ. ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿಗೆ ತಿಂಗಳಿಗೆ ₹4,000 ನೆರವು ಸಿಗುತ್ತದೆ. ತಾಯಿ ವಿಧವೆಯೋ, ವಿಚ್ಛೇದಿತೆಯೋ, ಮನೆಯವರು ಕೈಬಿಟ್ಟವರೋ ಆಗಿರುವ ಮಕ್ಕಳು, ತಂದೆತಾಯಿಯಿಲ್ಲದೆ ಬಂಧುಗಳ ಮನೆಯಲ್ಲಿರುವ ಮಕ್ಕಳು, ತಂದೆತಾಯಿ ಪ್ರಾಣಾಪಾಯದ ಕಾಯಿಲೆಯಿಂದ ಬಳಲುತ್ತಿರುವ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ ₹72,000, ಉಳಿದೆಡೆ ₹96,000 ಮೀರಿರಬಾರದು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಇಷ್ಟೆಲ್ಲ ಸರಿಯಿದ್ದೂ ಅರ್ಜಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಮಲ್ಲಿಕಾರ್ಜುನ, ಆಧಾರಿನಲ್ಲಿ ಮಲ್ಲಪ್ಪ, ಬ್ಯಾಂಕಿನ ಪುಸ್ತಕದಲ್ಲಿ ತಂದೆಯ ಹೆಸರು ಮುಂದೆ ಬಂದು ಮಗುವಿನ ಹೆಸರು ಹಿಂದೆ ಹೋಗಿರುವುದು ನಮ್ಮ ಕಡೆ ದಿನನಿತ್ಯದ ಮಾತು. ಅರ್ಜಿ ಬರೆಯುವುದಕ್ಕಿಂತ ಮೊದಲು ಈ ಮೂರೂ ಕಡೆಯ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯಾವುದನ್ನು ತಿದ್ದುವುದು ಸುಲಭವೋ ಅದನ್ನು ತಿದ್ದಿಸಿ ಮುಂದೆ ಹೋಗಿ. ಹಣ ಮಂಜೂರಾಗುವವರೆಗೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ, ‘ಬರುತ್ತದೆ’ ಎಂದು ಭರವಸೆ ಕೊಡುವ ಬದಲು ‘ಅರ್ಜಿ ಹಾಕಿದ್ದೇವೆ’ ಎಂದಷ್ಟೇ ಹೇಳಿ. ಈ ನಡುವೆ ಮನೆಯ ಯಜಮಾನಿಗೆ ಬರಬೇಕಾದ ಗೃಹಲಕ್ಷ್ಮಿಯ ₹2,000, ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿದ್ದರೆ ಅವುಗಳ ಕಾರಣ ಹುಡುಕುವುದು ಬೇಗ ಫಲ ಕೊಡುತ್ತದೆ.

ಮಗುವಿನ ಜೊತೆ ಮಾತು

ಮಗುವಿನ ಜೊತೆ ಪ್ರತ್ಯೇಕವಾಗಿ ಮಾತಾಡಬೇಕು, ಆದರೆ ಮರೆಯಲ್ಲಲ್ಲ. ಎಲ್ಲರ ಕಣ್ಣಿಗೆ ಬೀಳುವ, ಆದರೆ ಯಾರ ಕಿವಿಗೂ ಬೀಳದ ಜಾಗ ಬೇಕು. ಬೇವಿನ ಮರದ ಕಟ್ಟೆ, ಶಾಲೆಯ ಮೆಟ್ಟಿಲು, ಮನೆಯ ಹಿತ್ತಿಲು ಇಂಥವು ಸರಿ. ಚಿಕ್ಕವರಾದರೆ ಮನೆಯ ಚಿತ್ರ ಬರೆಯಲು ಹೇಳಿ, ಯಾರು ಯಾರ ಪಕ್ಕ ನಿಂತಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ನೋಡಿ. ಆದರೆ ಚಿತ್ರವನ್ನು ನೀವೇ ಓದಿ ತೀರ್ಪು ಕೊಡಬೇಡಿ, ‘ಇದು ಯಾರು?’ ಎಂದು ಕೇಳಿ. ಒಬ್ಬ ಹುಡುಗಿಯ ಚಿತ್ರದಲ್ಲಿ ತಂದೆ ಇರಲಿಲ್ಲ. ನಾನು ಮನಸ್ಸಿನಲ್ಲೇ ಏನೇನೋ ಊಹಿಸಿಕೊಂಡೆ. ಕೇಳಿದಾಗ, ‘ಕಾಗದ ಸಾಲಲಿಲ್ಲ’ ಎಂದಳು.

‘ಇದನ್ನು ಯಾರಿಗೂ ಹೇಳಬೇಡಿ’ ಎಂದು ಮಗು ಮಾತು ಶುರುಮಾಡಿದರೆ, ಹೇಳುವುದಿಲ್ಲವೆಂದು ಮಾತು ಕೊಡಬೇಡಿ. ‘ನಿನಗೆ ನೋವಾಗುವಂಥದ್ದಾದರೆ ಅದನ್ನು ನಿಲ್ಲಿಸಬಲ್ಲವರಿಗೆ ಮಾತ್ರ ಹೇಳಬೇಕಾಗುತ್ತದೆ’ ಎನ್ನಿ. ಏಕೆಂದರೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕ ಮೇಲೆ ಸುಮ್ಮನಿರುವ ಆಯ್ಕೆ ನಮಗಿಲ್ಲ. ಪೋಕ್ಸೊ ಕಾಯ್ದೆ, 2012ರ 19ನೇ ಸೆಕ್ಷನ್ನಿನಂತೆ ವಿಷಯ ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ನಿನಡಿ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಇಂಥ ಸಂದರ್ಭದಲ್ಲಿ ನಮ್ಮ ಕೆಲಸ ತನಿಖೆಯಲ್ಲ. ಮಗು ತಾನಾಗಿ ಹೇಳಿದ್ದನ್ನು ಅದರದೇ ಪದಗಳಲ್ಲಿ, ದಿನಾಂಕ ಮತ್ತು ಹೊತ್ತಿನ ಸಮೇತ ಬರೆದಿಟ್ಟು ಅಲ್ಲಿಗೇ ನಿಲ್ಲಿಸಬೇಕು. ಮೊದಲು ಶಿಕ್ಷಕರು, ಆಮೇಲೆ ನಾವು, ಆಮೇಲೆ ಮೇಲಧಿಕಾರಿ ಹೀಗೆ ಸಾಲಾಗಿ ಕೇಳುತ್ತ ಹೋದರೆ ಮಗು ಅದೇ ನೋವನ್ನು ನಾಲ್ಕಾರು ಸಲ ಅನುಭವಿಸುತ್ತದೆ, ಹೇಳಿಕೆಯೂ ಕೆಡುತ್ತದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದಕ್ಕೆ ಸರಿಯೆನಿಸುವ ಜಾಗದಲ್ಲಿ, ಸಮವಸ್ತ್ರವಿಲ್ಲದ ಅಧಿಕಾರಿ, ಸಾಧ್ಯವಾದಮಟ್ಟಿಗೆ ಮಹಿಳಾ ಅಧಿಕಾರಿಯೇ, ಪಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಮಗುವನ್ನು ರಾತ್ರಿ ಹೊತ್ತು ಠಾಣೆಯಲ್ಲಿ ಇರಿಸುವಂತಿಲ್ಲ. ಇವನ್ನು ಠಾಣೆಯಲ್ಲಿ ಶಾಂತವಾಗಿ, ಆದರೆ ಸ್ಪಷ್ಟವಾಗಿ ನೆನಪಿಸುವುದು ನಮ್ಮ ಪಾಲಿನ ಕೆಲಸ. ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರಲು ಸಹಾಯಕ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ನೇಮಿಸಬಹುದು. ಅದಕ್ಕಾಗಿ ಮೊದಲ ವಾರದಲ್ಲೇ ಕೇಳಿ. ಊರ ಹಿರಿಯರು ಕಟ್ಟೆಯ ಮೇಲೆ ಕೂತು ರಾಜಿ ಮಾಡಿಸಲು ಬಂದರೆ, ಆ ಮಾತಿಗೆ ನೀವು ಸಾಕ್ಷಿಯಾಗಿಯೂ ಕೂರಬೇಡಿ.

ಮಗುವಿನ ಹೆಸರು, ಊರು, ಶಾಲೆ, ಫೋಟೊ ಯಾವುದನ್ನೂ ಬಹಿರಂಗಪಡಿಸುವುದು ಮಕ್ಕಳ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ನಿನಡಿ ಅಪರಾಧ. ಸಹಾಯ ವಿತರಣೆಯ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಚಾಳಿಗೂ ಇದು ಅನ್ವಯಿಸುತ್ತದೆ.

ಸಾಮಾಜಿಕ ತನಿಖಾ ವರದಿ

ಸಮಿತಿಯ ಮುಂದೆ ಬಂದ ಮಗುವಿನ ಮನೆಯ ಪರಿಸ್ಥಿತಿಯನ್ನು ವಿಚಾರಿಸಿ 15 ದಿನಗಳೊಳಗೆ ವರದಿ ಮುಗಿಸಬೇಕು. ಸಮಿತಿಯವರು ಆ ಮನೆಯನ್ನು ನೋಡುವುದು ನಿಮ್ಮ ಕಣ್ಣಿನಿಂದ. ಆದ್ದರಿಂದ ಕಂಡದ್ದು, ಕೇಳಿದ್ದು, ಅನಿಸಿದ್ದು ಈ ಮೂರೂ ಒಂದರೊಳಗೊಂದು ಬೆರೆಯದಂತೆ ಬರೆಯಬೇಕು. ‘ತಂದೆ ಕುಡುಕ, ಬೇಜವಾಬ್ದಾರಿ’ ಎಂಬುದು ವರದಿಯ ವಾಕ್ಯವಲ್ಲ, ಬೈಗುಳ. ‘ತಂದೆ ವಾರದಲ್ಲಿ ನಾಲ್ಕು ದಿನ ಕುಡಿದು ಬರುತ್ತಾರೆಂದು ಪತ್ನಿ ತಿಳಿಸಿದರು; ನನ್ನ ಎರಡು ಭೇಟಿಗಳಲ್ಲಿ ಅವರು ಕುಡಿದಿರಲಿಲ್ಲ; ಮಗಳ ಜೊತೆ ಕೂತು ಊಟ ಮಾಡುತ್ತಿದ್ದುದನ್ನು ಒಂದು ಸಲ ನೋಡಿದೆ’ ಎಂದು ಬರೆದರೆ ಓದುವವರು ತಾವೇ ಯೋಚಿಸಬಲ್ಲರು. ‘ಮನೆ ಅಸ್ವಚ್ಛವಾಗಿತ್ತು’ ಎಂಬುದಕ್ಕಿಂತ ‘ಒಂದೇ ಕೋಣೆ, ತಗಡಿನ ಮಾಡು, ಶೌಚಾಲಯವಿಲ್ಲ, ನೀರಿನ ನಲ್ಲಿ ನಾಲ್ಕು ಮನೆಗಳಾಚೆ’ ಎಂಬುದು ಹೆಚ್ಚು ಹೇಳುತ್ತದೆ. ಬಡತನವನ್ನು ಗಲೀಜೆಂದು ಬರೆದ ಒಂದು ಪದ ಮಗುವಿನ ಕಡತದಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ.

ನಮೂನೆಯಲ್ಲಿ ಜಾಗವಿಲ್ಲದಿದ್ದರೂ, ಕುಟುಂಬದಲ್ಲಿ ಗಟ್ಟಿಯಾಗಿರುವುದೇನೆಂದು ಒಂದು ಪ್ಯಾರಾ ಸೇರಿಸಿ. ಹಬ್ಬಕ್ಕೆ ತಪ್ಪದೆ ಬಂದು ಮಕ್ಕಳಿಗೆ ಬಟ್ಟೆ ಕೊಡಿಸುವ ಸೋದರಮಾವ, ಪ್ರತಿ ಭಾನುವಾರ ಫೋನ್ ಮಾಡುವ ತಾಯಿ, ಪಕ್ಕದ ಮನೆಯ ದೊಡ್ಡವ್ವ ಇವರೆಲ್ಲ ಬರಿಯ ಬಂಧುಬಳಗವಲ್ಲ, ನಿಮ್ಮ ಮುಂದಿನ ಯೋಜನೆಯ ಕೈಕಾಲುಗಳು. ಕೊನೆಯಲ್ಲಿ ಶಿಫಾರಸು ಬರೆಯುವಾಗ ‘ಮಗುವನ್ನು ಪೋಷಕರ ವಶಕ್ಕೆ ನೀಡಬಹುದು’ ಎಂದಷ್ಟೇ ನಿಲ್ಲಿಸದೆ, ಯಾರು ಯಾವ ಕೆಲಸವನ್ನು ಯಾವ ದಿನಾಂಕದೊಳಗೆ ಮಾಡುತ್ತಾರೆಂದು ಬರೆಯಬೇಕು. ಆ ಹುಡುಗನ ಮನೆಗೆ ನಾವು ಬರೆದಿದ್ದು ನಾಲ್ಕೇ ಸಾಲು: ಆಶಾ ಕಾರ್ಯಕರ್ತೆ ಅಜ್ಜಿಯನ್ನು ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದೊಯ್ಯುವುದು, ದೊಡ್ಡವ್ವ ತಂಗಿಯನ್ನು ಅಂಗನವಾಡಿಗೆ ಬಿಡುವುದು, ಮುಖ್ಯ ಶಿಕ್ಷಕರು ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಉಳಿಸಿಕೊಳ್ಳುವುದು, ನಾನು ಮರಣ ನೋಂದಣಿಯ ಅರ್ಜಿ ಹಿಡಿದು ಓಡಾಡುವುದು. ಹುಡುಗನ ಪಾಲಿಗೆ ನಾವು ಏನನ್ನೂ ಬರೆಯಲಿಲ್ಲ. ಅವನು ಆಗಲೇ ಸಾಕಷ್ಟು ಮಾಡುತ್ತಿದ್ದ.

ಪದೇ ಪದೇ ಎದುರಾಗುವ ಇತರ ಸಂದರ್ಭಗಳು

ಗುಳೆ ಹೋಗುವ ಕುಟುಂಬಗಳನ್ನು ಅವರು ಹೊರಟ ಮೇಲೆ ಹುಡುಕುವುದು ವ್ಯರ್ಥ. ಸುಗ್ಗಿ ಮುಗಿಯುವ ಹೊತ್ತಿಗೇ ಯಾವ ಮನೆಯವರು ಹೊರಡಲಿದ್ದಾರೆಂದು ಮೇಸ್ತ್ರಿಯ ಹೆಸರಿನ ಸಮೇತ ತಿಳಿದುಕೊಂಡು, ಮಕ್ಕಳನ್ನು ಋತುಮಾನ ಹಾಸ್ಟೆಲಿನಲ್ಲಿ ಬಿಡುವ ಮಾತನ್ನು ಮುಂಚೆಯೇ ಆಡಬೇಕು. ಬಿಡಲು ಒಪ್ಪದವರ ಕೈಗೆ ಅವರು ಹೋಗುವ ಊರಿನ ಶಾಲೆಯಲ್ಲಿ ತೋರಿಸಲು ಮಗು ಓದುತ್ತಿರುವ ತರಗತಿಯ ದೃಢೀಕರಣವನ್ನಾದರೂ ಕೊಟ್ಟು ಕಳಿಸಬೇಕು. ವರ್ಗಾವಣೆ ಪತ್ರವಿಲ್ಲವೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುವುದನ್ನು ತಂದೆತಾಯಿಗೆ ಬಾಯಿಪಾಠ ಮಾಡಿಸಿ.

ಬಾಲ್ಯವಿವಾಹದ ಸುದ್ದಿ ಬರುವುದು ಸಾಮಾನ್ಯವಾಗಿ ಹಿಂದಿನ ರಾತ್ರಿ, ಅದೂ ಅಕ್ಷಯ ತೃತೀಯದ ಆಸುಪಾಸಿನಲ್ಲಿ, ಹುಡುಗಿಯ ಗೆಳತಿಯಿಂದ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ, ತುರ್ತಾದರೆ 112ಕ್ಕೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ನಂತರ ನಡೆದ ಬಾಲ್ಯವಿವಾಹ ಮೊದಲಿಂದಲೇ ಅಸಿಂಧುವೆಂಬುದನ್ನು ಹೆಣ್ಣಿನ ಕಡೆಯವರಿಗಿಂತ ಮೊದಲು ಗಂಡಿನ ಕಡೆಯವರಿಗೆ ಹೇಳಿದರೆ ಕೆಲಸ ಬೇಗ ಆಗುತ್ತದೆಂಬುದು ನನ್ನ ಅನುಭವ. ಮದುವೆ ನಿಂತ ಮೇಲೆ ಹುಡುಗಿಯನ್ನು ಮರೆತುಬಿಡುವುದು ನಮ್ಮಲ್ಲಿ ನಡೆಯುವ ದೊಡ್ಡ ತಪ್ಪು. ಮುಂದಿನ ಮೂರು ತಿಂಗಳು ಆ ಮನೆಗೆ ಹದಿನೈದು ದಿನಕ್ಕೊಮ್ಮೆ ಹೋಗದಿದ್ದರೆ, ಪಕ್ಕದ ಜಿಲ್ಲೆಯ ದೇವಸ್ಥಾನದಲ್ಲಿ ಅದೇ ಮದುವೆ ಗುಟ್ಟಾಗಿ ನಡೆದಿರುತ್ತದೆ.

6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿರುವ ಮನೆಗೆ ಹೋಗುವಾಗ ಅಂಗನವಾಡಿಯಲ್ಲಿ ಸಿಗುವ ತೋಳಿನ ಅಳತೆ ಪಟ್ಟಿಯೊಂದು ನಿಮ್ಮ ಚೀಲದಲ್ಲಿರಲಿ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಗುರುತು. ಅಂದೇ ಆರೋಗ್ಯ ಕೇಂದ್ರಕ್ಕೆ ತೋರಿಸಿ, ವೈದ್ಯರು ಹೇಳಿದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ತಾಯಿ ಒಪ್ಪದಿರಲು ಕಾರಣ ಬಹುತೇಕ ಮನೆಯಲ್ಲಿ ಉಳಿಯುವ ಇನ್ನೊಂದು ಮಗು. ಅದನ್ನು ಯಾರು ನೋಡಿಕೊಳ್ಳುತ್ತಾರೆಂಬುದು ಗೊತ್ತಾಗದೆ ಆಕೆ ಹೊರಡುವುದಿಲ್ಲ, ಹೊರಡಬೇಕೆಂದು ಗದರಿಸುವುದೂ ಸಲ್ಲ.

ಗಂಡನ ಹೊಡೆತದ ಮಾತು ಬಂದರೆ 181 ಮಹಿಳಾ ಸಹಾಯವಾಣಿ, ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ ಮತ್ತು ಕೌಟುಂಬಿಕ ಹಿಂಸೆಯ 2005ರ ಕಾಯ್ದೆಯಡಿ ರಕ್ಷಣಾಧಿಕಾರಿಯಾಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರ ವಿವರವನ್ನು ಆಕೆಗೆ ಬಾಯಲ್ಲಿ ಹೇಳಿ. ಚೀಟಿಯಲ್ಲಿ ಬರೆದುಕೊಟ್ಟರೆ ಅದು ಮೊದಲು ಗಂಡನ ಕೈಗೇ ಸಿಗುತ್ತದೆ. ಇಂಥ ಮನೆಗೆ ಒಬ್ಬರೇ ಹೋಗಬೇಡಿ, ಹೋದ ಜಾಗ ಮತ್ತು ಹೊತ್ತನ್ನು ಕಚೇರಿಯಲ್ಲಿ ಒಬ್ಬರಿಗಾದರೂ ತಿಳಿಸಿರಿ. ಅಂಥ ದಿನದ ರಾತ್ರಿ ನಿದ್ದೆ ಬಾರದಿರುವುದು ಸಹಜ. ವಾರಗಟ್ಟಲೆ ಬಾರದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಮ್ಮಂಥವರಿಗೂ ಇದೆ, ಅದಕ್ಕೆ ಕರೆ ಮಾಡಲು ನಾಚಿಕೆ ಬೇಡ.

ಕಡತ ಮುಚ್ಚುವುದು

ಹಣ ಮಂಜೂರಾದ ದಿನವೇ ಕಡತ ಮುಚ್ಚುವ ಅವಸರ ಬೇಡ. ಮೊದಲ ಕಂತು ಖಾತೆಗೆ ಬಿದ್ದು, ಅದು ಯಾವುದಕ್ಕೆ ಖರ್ಚಾಯಿತೆಂದು ಮನೆಯವರೇ ಹೇಳಿ, ಶಾಲೆಯ ಹಾಜರಿ ಕನಿಷ್ಠ ಒಂದು ಪರೀಕ್ಷೆಯವರೆಗೆ ಸರಿಯಾಗಿ ನಡೆದ ಮೇಲೆ ಯೋಚಿಸಬಹುದು. ಮುಚ್ಚುವುದಕ್ಕೆ ಎರಡು ಭೇಟಿ ಮೊದಲೇ ಮಗುವಿಗೆ ತಿಳಿಸಬೇಕು. ಬಂದು ಹೋಗುತ್ತಿದ್ದವರು ಹೇಳದೆ ಕೇಳದೆ ಬಾರದಂತಾಗುವುದನ್ನು ಈ ಮಕ್ಕಳು ಆಗಲೇ ಬೇಕಾದಷ್ಟು ನೋಡಿರುತ್ತಾರೆ.

ಆ ಹುಡುಗನ ಮನೆಗೆ ನಾನು ಕೊನೆಯ ಸಲ ಹೋದಾಗ ಅಜ್ಜಿಯ ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಅವರೇ ಚಹಾ ಮಾಡಿದರು, ಸಕ್ಕರೆ ಸ್ವಲ್ಪ ಹೆಚ್ಚೇ ಆಗಿತ್ತು. ತಾಯಿ ಇನ್ನೂ ಊರಿಗೆ ಬಂದಿರಲಿಲ್ಲ. ವಿಧವಾ ವೇತನದ ಅರ್ಜಿ ನಾಡಕಚೇರಿಯಲ್ಲೇ ಇತ್ತು. ಶಾಲೆಯಿಂದ ಬಂದ ಹುಡುಗ ಚೀಲ ಕೆಳಗಿಟ್ಟು, ‘ಇನ್ನ ಮ್ಯಾಲ ಬರಂಗಿಲ್ಲೇನ್ರಿ?’ ಎಂದು ಕೇಳಿದ. ದೀಪಾವಳಿ ಮುಗಿದ ಮೇಲೆ ಒಂದು ಸಲ ಬರುತ್ತೇನೆಂದೆ. ಅಂದಿನಿಂದ, ಮುಚ್ಚಿದ ಪ್ರತಿ ಕಡತದ ರಟ್ಟಿನ ಮೇಲೆ ಆರು ತಿಂಗಳ ನಂತರದ ಒಂದು ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಆ ದಿನದ ಭೇಟಿಗೆ ನಮೂನೆ ಇಲ್ಲ, ಪ್ರಯಾಣ ಭತ್ಯೆಯೂ ಸಿಗುವುದಿಲ್ಲ; ಸಂತೆಯ ದಿನ ನೋಡಿಕೊಂಡು ಹೋದರೆ ಬಸ್ಸಾದರೂ ಸಿಗುತ್ತದೆ.